ಸೋನಾಬಾಯಿ ಹೊಂದಿಸಿದ ಭೇಟಿ

"ಹಂಗ ಒಮ್ಮಿಗೇ ಸುರುವಬ್ಯಾಡ್ರಿ, ಬಾಪುಸಾಹೇಬ. ಕೋಳಿಗೆ ಕಾಳು ಹಾಕಾಕತ್ತೀರೇನು? ಕೈ ಜಾರಬೇಕು. ಪೊಟ್ಟಣಾ ತಾನ ಬೀಳಬೇಕು."

ಬಾಪುಸಾಹೇಬ ಮತ್ತೆ ಬಗ್ಗಿ ನೆಲದ ಮೇಲಿನ ಒಣದ್ರಾಕ್ಷಿಯನ್ನು ಕಾಗದದ ಪೊಟ್ಟಣಕ್ಕೆ ತುಂಬಿಕೊಳ್ಳತೊಡಗಿದ. ಕಾಗವಾಡದ ಹೊರಗಿನ ಆ ದ್ರಾಕ್ಷಿ ತೋಟ ಅವನದೇ, ಒಣದ್ರಾಕ್ಷಿಯೂ ಅವನದೇ, ಆದರೆ ಅದನ್ನು ಚೆಲ್ಲುವುದಕ್ಕೂ ಒಂದು ವಿದ್ಯೆ ಬೇಕೆಂದು ಅವನಿಗೆ ಇಂದೇ ತಿಳಿದದ್ದು. ಮೂವತ್ತಾರು ತುಂಬಿದ, ಮಾತು ಕಡಿಮೆಯ ಗಂಡಸು. ಹೆಂಡತಿ ಸುಂದರಾ ಜ್ವರದಲ್ಲಿ ತೀರಿಕೊಂಡು ನಾಲ್ಕನೆಯ ವರ್ಷ ನಡೆದಿತ್ತು. ಎದುರಿಗೆ ಬೋರಲು ಹಾಕಿದ ಕ್ರೇಟಿನ ಮೇಲೆ ಶಿರಗುಪ್ಪಿಯ ಸೋನಾಬಾಯಿ ಸೆರಗು ಹೊದ್ದು ಕೂತಿದ್ದಳು. ಸದ್ಯಕ್ಕೆ ಕ್ರೇಟೇ ಸ್ಟೇಶನ್ನಿನ ಬಾಕು, ಅಂದರೆ ಬೆಂಚು, ಐವತ್ತೈದು ದಾಟಿದ ಸೋನಾಬಾಯಿಯೇ ಕನ್ಯೆ.

"ಈಗ ಮಾತು ಅನ್ರಿ."

"ತಪ್ಪಾತ್ರಿ," ಬಾಪುಸಾಹೇಬ ಒಪ್ಪಿಸಿದ. "ಗಾಡಿ ಬರಾಕ ಇನ್ನಾ ತಡಾ ಐತಿ. ಅಲ್ಲೀತನಕಾ ಆರಿಸಾಕ ಕೈ ಹಚ್ಚತೀರೇನ್ರಿ?"

"ಆಕಿ ಮಾರಿ ನೋಡಿ ಅನಬೇಕು. ನೆಲಕ್ಕ ಹೇಳಾಕತ್ತೀರಲ್ಲಾ."

ಅವನು ಪೊಟ್ಟಣದ ಬಾಯಿ ಮಡಚಿದ. ಬಳ್ಳಿಯ ಎಲೆಗಳ ನಡುವಿನಿಂದ ಬಿಸಿಲು ಅವನ ಟೋಪಿಯ ಮೇಲೆ ಬಿದ್ದಿತ್ತು. "ಮಾವಶಿ, ನಾ ಅಂವಲ್ಲ," ಎಂದ. "ಅಲ್ಲದಾಂವ ಹೌದು ಅಂತ ಹೋಗೂದು ಸುಳ್ಳು ಹೇಳಿದಾಂಗ ಅಲ್ಲೇನ್ರಿ?"

"ಸುಳ್ಳು ಹತ್ತ ವರ್ಷದ ಹಿಂದನ ಹೇಳಿ ಮುಗದೈತಿ," ಎಂದಳು ಸೋನಾಬಾಯಿ. "ನೀವು ಅದನ್ನ ಖರೇ ಮಾಡಾಕ ಬರಾಕತ್ತೀರಿ."

ಆ ಭಾಗದಲ್ಲಿ ಸೋನಾಬಾಯಿಗೆ ಒಂದು ಹೆಸರಿತ್ತು. ಗಂಡ ಇದ್ದಾಗ ಮಿರಜದ ಟಾಕೀಜಿಗೆ ಹೊಸ ಸಿನಿಮಾ ಬಂದರೆ ಇಬ್ಬರೂ ತಪ್ಪಿಸಿದವರಲ್ಲ. ಗಂಡ ಹೋದ ಮೇಲೆ ತಮ್ಮ ಆಬಾಸಾಹೇಬನ ಮನೆಗೆ ಬಂದು ನಿಂತಳು, ಸಿನಿಮಾ ನಿಂತಿತು, ಆದರೆ ತಲೆಯೊಳಗಿನದು ನಿಲ್ಲಲಿಲ್ಲ. ಆಗೆಲ್ಲ ಕನ್ಯೆ ತೋರಿಸುವುದೆಂದರೆ ಹುಡುಗಿಗೆ ಅಗ್ನಿಪರೀಕ್ಷೆ. ಅವಲಕ್ಕಿಯ ತಾಟು ಹಿಡಿದು ಬರಬೇಕು, ನಡೆದು ತೋರಿಸಬೇಕು, ಹೆಸರು ಬರೆದು ತೋರಿಸಬೇಕು. ಗಂಡಿನವರು ಒಲ್ಲೆ ಎಂದರೆ ನಾಲ್ಕು ದಿನಕ್ಕೆ ಸುತ್ತಲಿನ ಊರಿಗೆಲ್ಲ ಸುದ್ದಿ. ಇನ್ನೆರಡು ಕಡೆ ಹಾಗೇ ಆದರೆ ಹುಡುಗಿಯಲ್ಲೇ ಏನೋ ಐಬು ಎಂದು ಜನ ಮಾತಾಡಿಕೊಳ್ಳುತ್ತಿದ್ದರು.

ಸೋನಾಬಾಯಿ ಇದಕ್ಕೊಂದು ದಾರಿ ಕಂಡುಹಿಡಿದಳು. ಹುಡುಗಿಗೆ ಏನೂ ಹೇಳಬಾರದು. ಹುಡುಗ ಆಕಸ್ಮಿಕವಾಗಿ ಎದುರಾಗಬೇಕು, ಸಿನಿಮಾದಲ್ಲಿ ಆದ ಹಾಗೆ. ಬಸದಿಯ ಬಾಗಿಲಲ್ಲಿ ಚಪ್ಪಲಿ ಅದಲುಬದಲಾಗಬೇಕು, ಸಂತೆಯಲ್ಲಿ ಸೈಕಲ್ಲಿನ ಚೈನು ಕಳಚಬೇಕು, ಕಬ್ಬಿನ ಹಾಲಿನ ಅಂಗಡಿಯಲ್ಲಿ ಒಬ್ಬರ ಗ್ಲಾಸು ಇನ್ನೊಬ್ಬರ ಕೈಗೆ ಹೋಗಬೇಕು. ಹುಡುಗ ಒಪ್ಪಿದರೆ ಮುಂದೆ ಮನೆಯವರು ಮಾತಾಡುತ್ತಾರೆ, ನಿಶ್ಚಯದ ದಿನ ಗುಟ್ಟು ಬಿಚ್ಚಿ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ಒಪ್ಪದಿದ್ದರೆ ಯಾರಿಗೂ ಏನೂ ಆಗಿಲ್ಲ. ಹುಡುಗಿ ಮನೆಗೆ ಬಂದು ಊಟ ಮಾಡಿ ಮಲಗುತ್ತಾಳೆ. ಹೀಗೆ ಎಷ್ಟೋ ಮದುವೆಗಳಾದವು, ಸೋನಾಬಾಯಿಗೆ ಸೀರೆಯ ಉಡುಗೊರೆಗಳು ಬಂದವು.

ಆಬಾಸಾಹೇಬನ ಮಗಳು ಜಿನಮತಿಗೆ ಇಪ್ಪತ್ತೊಂದು ತುಂಬಿದಾಗ ಸೋನಾಬಾಯಿ ತನ್ನ ಕಲೆಯನ್ನೆಲ್ಲ ಸುರಿದಳು. ತಾಯಿಯಿಲ್ಲದ ಹುಡುಗಿ, ಇವಳ ಮಗ್ಗುಲಲ್ಲೇ ಮಲಗಿ ಬೆಳೆದವಳು. ಭೋಜದ ಜಯಪಾಲ ಎಂಬ ಹುಡುಗ ಗೊತ್ತಾದ. ಮಿರಜಕ್ಕೆ ಹೋಗೋಣವೆಂದು ಜಿನಮತಿಯನ್ನು ಶೇಡಬಾಳ ಸ್ಟೇಶನ್ನಿಗೆ ಕರೆತಂದು, ಬೇವಿನ ಮರದ ಕೆಳಗಿನ ಬಾಕಿನ ಮೇಲೆ ಕೂಡಿಸಿ, ಟಿಕೆಟ್ ತರುವ ನೆಪದಿಂದ ಸರಿದು, ಸಾಮಾನಿನ ಕೋಣೆಯ ಮರೆಗೆ ನಿಂತು ಸೋನಾಬಾಯಿ ಎಲ್ಲವನ್ನೂ ನೋಡಿದಳು. ಜಯಪಾಲನ ಕೈಯಿಂದ ಒಣದ್ರಾಕ್ಷಿಯ ಪೊಟ್ಟಣ ಜಾರಿತು. ಮಾತು ಸರಿಯಾಗಿ ಬಂತು. ಜಿನಮತಿ ನಕ್ಕಳು. ಇಬ್ಬರೂ ಬಗ್ಗಿ ಆರಿಸಿದರು. ಗಾಡಿ ಬರುವಾಗ ಅವನು ಹೊರಡುವ ಮಾತನ್ನೂ ಹೇಳಿದ: "ಮತ್ತ ಬರ್ತೀನ್ರಿ. ಇದ ಬಾಕಿನ ಮ್ಯಾಲ ಕುಂತಿರ್ರಿ." ಇದು ಬೇಕಾಗಿರಲಿಲ್ಲ. ಸಿನಿಮಾದ ಹುಚ್ಚಿನಲ್ಲಿ ಸೋನಾಬಾಯಿ ಸೇರಿಸಿದ್ದ ಮಾತು ಅದು.

ಭೋಜದವರು ಒಲ್ಲೆ ಎಂದರು. ಬೇರೆ ಕಡೆಯಿಂದ ದೊಡ್ಡ ಸಂಬಂಧ ಬಂದಿತ್ತು, ಆ ವರ್ಷವೇ ಜಯಪಾಲನ ಮದುವೆಯೂ ಆಯಿತು. ಸೋನಾಬಾಯಿ ನಿಟ್ಟುಸಿರು ಬಿಟ್ಟು, ಹುಡುಗಿಗೆ ಏನೂ ಗೊತ್ತಿಲ್ಲವಲ್ಲ, ಅಷ್ಟು ಸಾಕು ಎಂದುಕೊಂಡಳು.

ಆದರೆ ಜಿನಮತಿ ಆ ಭೇಟಿಯ ವಿಷಯವನ್ನು ಮನೆಯಲ್ಲಿ ಎತ್ತಲೇ ಇಲ್ಲ. ಬೆಕ್ಕು ಮರಿ ಹಾಕಿದರೂ ಓಡಿ ಬಂದು ತನ್ನ ಸೋದರತ್ತೆಗೆ, ಆತ್ಯಾಗೆ, ಹೇಳುತ್ತಿದ್ದ ಹುಡುಗಿ ಅದೊಂದನ್ನು ಬಾಯಿ ಬಿಡಲಿಲ್ಲ. ಮುಂದೆ ಬಂದ ಗಂಡುಗಳನ್ನೆಲ್ಲ ಅವಳೇ ಬೇಡವೆಂದಳು. ಹೊಲಿಗೆ ಕಲಿತು, ದಾರ ಗುಂಡಿ ತರಲೆಂದು ಗುರುವಾರ ಗುರುವಾರ ಮಿರಜಕ್ಕೆ ಹೋಗಹತ್ತಿದಳು. ಶಿರಗುಪ್ಪಿಯಿಂದಲೇ ಬಸ್ಸಿದ್ದರೂ ಶೇಡಬಾಳಕ್ಕೆ ಹೋಗಿ ಗಾಡಿ ಹತ್ತುವಳು. ಒಮ್ಮೆ ಸೋನಾಬಾಯಿ ಜೊತೆಗೆ ಹೋದಾಗ ಕಂಡಳು. ಬೇವಿನ ಮರದ ನೆರಳು ಅತ್ತ ಸರಿದು ಬಾಕು ಕಾದು ಕೆಂಡವಾಗಿತ್ತು, ನೆರಳಿನಲ್ಲಿ ಬೇರೆ ಬಾಕು ಖಾಲಿಯಿತ್ತು. ಜಿನಮತಿ ಬಿಸಿಲಿನಲ್ಲೇ ಕೂತಳು. ಚೀಲವನ್ನು ಮಡಿಲಲ್ಲಿಟ್ಟುಕೊಂಡು, ಪಕ್ಕದಲ್ಲಿ ಒಬ್ಬರು ಕೂಡುವಷ್ಟು ಜಾಗ ಬಿಟ್ಟು ಕೂತಳು.

ಆ ದಿನದಿಂದ ಸೋನಾಬಾಯಿಗೆ ನೆಮ್ಮದಿ ಹೋಯಿತು. ಮುಂಜಾನೆ ಕೊಡದ ಬಾಯಿಗೆ ಅರಿವೆ ಕಟ್ಟಿ ನೀರು ಸೋಸುವಾಗ ಅವಳದೇ ಮಾತು ಗಂಡು ದನಿಯಲ್ಲಿ ಅವಳಿಗೆ ಕೇಳುತ್ತಿತ್ತು. ಇದ ಬಾಕಿನ ಮ್ಯಾಲ ಕುಂತಿರ್ರಿ. ಜಪಕ್ಕೆ ಕೂತರೂ ಅದೇ. ಜಿನಮತಿ ಬಾಗಿಲಲ್ಲಿ ನಿಂತು ರಸ್ತೆ ನೋಡಿದರೆ ಯಾರೋ ಒಬ್ಬ ಈ ಮನೆಯಲ್ಲೇ ಇವರಿಬ್ಬರ ನಡುವೆ ಓಡಾಡಿಕೊಂಡಿದ್ದಾನೆ ಎನಿಸುತ್ತಿತ್ತು. ಅವನಿಗೆ ಜಯಪಾಲನ ಮುಖವಿರಲಿಲ್ಲ. ಜಯಪಾಲ ಬೊಜ್ಜು ಬೆಳೆಸಿಕೊಂಡು ಇಚಲಕರಂಜಿಯಲ್ಲಿ ನೂಲಿನ ವ್ಯಾಪಾರ ಮಾಡಿಕೊಂಡಿದ್ದ. ಇವನು ಸೋನಾಬಾಯಿ ಹುಟ್ಟಿಸಿದವನು, ಸಾಯುವಂತೆಯೂ ಇರಲಿಲ್ಲ.

ಹೇಳಿಬಿಡಬಹುದಿತ್ತು. ಮೊದಲ ವರ್ಷ, ತಾನೇ ಮರೆಯುತ್ತಾಳೆ ಎಂದು ಬಿಟ್ಟಳು. ಆಮೇಲೆ ಹೇಳಲು ಭಯವಾಯಿತು. ದಶಲಕ್ಷಣ ಪರ್ವ ಮುಗಿದು ಎಲ್ಲರೂ ಒಬ್ಬರಿಗೊಬ್ಬರು ಕ್ಷಮೆ ಕೇಳುವ ದಿನ ಸೋನಾಬಾಯಿ ಮನೆಮಂದಿಗೆಲ್ಲ ಕೈ ಮುಗಿದು, ಜಿನಮತಿಯ ಮುಂದೆ ಮಾತ್ರ ತುಸು ಹೆಚ್ಚು ಹೊತ್ತು ನಿಲ್ಲುತ್ತಿದ್ದಳು. "ತಿಳದು ತಿಳೀದ ನನ್ನಿಂದ ತಪ್ಪಾಗಿದ್ರ ಕ್ಷಮಾ ಮಾಡ ಬಾಳಾ." ಪ್ರತಿ ವರ್ಷವೂ ಜಿನಮತಿ ನಕ್ಕು ಕಾಲು ಮುಟ್ಟುತ್ತಿದ್ದಳು. "ನಿಮ್ಮಿಂದ ಏನ್ ತಪ್ಪಾಕ್ಕೈತ್ರಿ, ಆತ್ಯಾ?"

ಬಾಪುಸಾಹೇಬ ಯಾವುದೋ ಮದುವೆಯಲ್ಲಿ ಹೆಂಗಸರ ಪಂಕ್ತಿಗೆ ಬಡಿಸುತ್ತಿದ್ದ ಜಿನಮತಿಯನ್ನು ದೂರದಿಂದ ಕಂಡು, ಹೆಣ್ಣು ಕೇಳಿಸಿದ್ದ. ಅವಳು ಎಂದಿನಂತೆ ಒಲ್ಲೆ ಎಂದಳು, ಮುಖ ನೋಡುವುದೂ ಬೇಡವೆಂದಳು. ಆಬಾಸಾಹೇಬ ಆ ದಿನ ಊಟ ಬಿಟ್ಟು ಎದ್ದ. "ಇನ್ನ ನಾ ಯಾರನ್ನೂ ನೋಡಾಂಗಿಲ್ಲ. ಮೂವತ್ತೊಂದಾತು. ನಾವಿಬ್ರು ಹೋದ್ಮ್ಯಾಲ ಆಕಿ ಒಬ್ಬಾಕಿನ ಇರ್ಲಿ," ಎಂದ. ಆಗ ಸೋನಾಬಾಯಿಗೆ ಈ ಉಪಾಯ ಹೊಳೆಯಿತು. ಹತ್ತು ವರ್ಷದಲ್ಲಿ ಮುಖ ಅಳಿಸಿರುತ್ತದೆ, ಉಳಿದಿರುವುದು ಮಾತು. ಅದೇ ಬಾಕು, ಅದೇ ಒಣದ್ರಾಕ್ಷಿ, ಅದೇ ಮಾತು. ಬಂದವನು ಅವನೇ ಎಂದು ಜಿನಮತಿ ನಂಬುತ್ತಾಳೆ. ಮನೆಯವರು ಬೇರೆ ಕಡೆ ಮದುವೆ ಮಾಡಿದರು, ಬರಲಾಗಲಿಲ್ಲ, ಈಗ ಹೆಂಡತಿ ಇಲ್ಲ, ಬಂದಿದ್ದೇನೆ ಎಂದು ಬಾಪುಸಾಹೇಬ ಹೇಳಬೇಕು.

ತೋಟದಲ್ಲಿ ಇಷ್ಟನ್ನು ಹೇಳಿದಾಗ ಬಾಪುಸಾಹೇಬ ತಲೆಯೆತ್ತಿದ. "ಸುಂದರಾನ್ನ ಇದರಾಗ ತರಬ್ಯಾಡ್ರಿ, ಮಾವಶಿ. ಆಕಿ ಸತ್ತದ್ದು ಖರೇ ಐತಿ."

ಸೋನಾಬಾಯಿ ಕ್ರೇಟಿನಿಂದ ಎದ್ದು, ಅವನ ತೋಳು ಹಿಡಿದು, "ನಾ ಸಾಯೂ ಮದ್ಲ ಆಕಿ ಆ ಬಾಕಿನಿಂದ ಏಳಬೇಕ್ರಿ," ಎಂದಳು. ಅವಳ ಕಣ್ಣಲ್ಲಿ ನೀರು ಕಂಡು ಅವನು ಪೊಟ್ಟಣವನ್ನು ಜೇಬಿಗೆ ಹಾಕಿಕೊಂಡ.

ಗುರುವಾರ ಸೋನಾಬಾಯಿ ತನಗೂ ಮಿರಜದಲ್ಲಿ ಕಣ್ಣಿನ ಚಾಳೀಸು ಬದಲಿಸುವುದಿದೆ ಎಂದು ಜಿನಮತಿಯ ಜೊತೆ ಹೊರಟಳು. ಫಾಲ್ಗುಣದ ಬಿಸಿಲು ಆಗಲೇ ಚುರುಗುಟ್ಟುತ್ತಿತ್ತು. ಸ್ಟೇಶನ್ನಿನಲ್ಲಿ ಹಾಲಿನ ಕ್ಯಾನಿನವರು, ಕುರಿ ಹಿಡಿದ ಇಬ್ಬರು ಮುದುಕರು, ಅಷ್ಟೇ ಮಂದಿ. ಜಿನಮತಿ ಯಾವತ್ತಿನ ಬಾಕಿಗೆ ಹೋಗಿ, ಪಕ್ಕದಲ್ಲಿ ಜಾಗ ಬಿಟ್ಟು ಕೂತಳು. ಕಿವಿಯ ಹತ್ತಿರ ಕೂದಲು ಬೆಳ್ಳಗಾಗಿದ್ದನ್ನು ಸೋನಾಬಾಯಿ ಆ ಬಿಸಿಲಿನಲ್ಲಿ ಮೊದಲ ಸಲ ಸರಿಯಾಗಿ ಕಂಡಳು.

"ನೀ ಕೂಡು. ನಾ ಟಿಕೆಟ್ ತರ್ತೀನಿ."

ಸೋನಾಬಾಯಿ ಸಾಮಾನಿನ ಕೋಣೆಯ ಮರೆಗೆ ಹೋಗಿ ನಿಂತಳು. ಬಾಪುಸಾಹೇಬ ಬಂದ. ಬಿಳಿ ಅಂಗಿ, ಹೊಸ ಟೋಪಿ. ಬಾಕಿನ ಮುಂದೆ ಬಂದು ನಿಂತ, ಪೊಟ್ಟಣ ತೆಗೆದ, ಕಲಿಸಿದ್ದೆಲ್ಲ ಮರೆತು ಎರಡೂ ಕೈಯಿಂದ ಹಿಡಿದು ಹಿಸುಕಿದ. ಕಾಗದ ಹರಿದು ಒಣದ್ರಾಕ್ಷಿ ಜಿನಮತಿಯ ಮಡಿಲಿಗೆ, ಕಾಲಿಗೆ, ಬಾಕಿನ ಕೆಳಗೆಲ್ಲ ಚೆಲ್ಲಿತು.

"ತಪ್ಪಾತ್ರಿ," ಎಂದ. "ಗಾಡಿ ಬರಾಕ ಇನ್ನಾ ತಡಾ ಐತಿ. ಅಲ್ಲೀತನಕಾ ಆರಿಸಾಕ ಕೈ ಹಚ್ಚತೀರೇನ್ರಿ?"

ಜಿನಮತಿ ತಲೆಯೆತ್ತಿದಳು. ಅವಳ ಮುಖದಲ್ಲಿ ಬೆಳಕು ಮೂಡಿತು. ಹತ್ತು ವರ್ಷ ಸೋನಾಬಾಯಿ ಕಾಣದಿದ್ದ ಬೆಳಕು ಅದು, ಇಪ್ಪತ್ತೊಂದರ ಹುಡುಗಿಯದು. ಸೋನಾಬಾಯಿ ಎರಡೂ ಕೈ ಜೋಡಿಸಿಬಿಟ್ಟಳು. ಜಿನಮತಿ ಅವನ ಹಣೆ ನೋಡಿದಳು, ಕಣ್ಣು ನೋಡಿದಳು, ಗದ್ದ ನೋಡಿದಳು. ನೋಡುನೋಡುತ್ತ ಬೆಳಕು ಇಳಿಯಿತು. ಮುಖ ಅಳಿಸಿರಲಿಲ್ಲ. ಅವಳಿಗೆ ಎಲ್ಲ ನೆನಪಿತ್ತು.

"ಬರ್ತೀನಿ ಅಂದಿದ್ನಲ್ಲರಿ," ಬಾಪುಸಾಹೇಬ ಮುಂದಿನ ಮಾತನ್ನು ಹೇಗೋ ಹೊರಗೆ ಹಾಕಿದ. "ಬಂದೀನಿ."

ಈ ಬಾಕಿನ ಮೇಲೆ ಯಾರು ಏನು ಹೇಳಿದರೆಂಬುದನ್ನು ಜಿನಮತಿ ಯಾರಿಗೂ ಹೇಳಿದವಳಲ್ಲ. ಹಾಗಾದರೆ ಈ ಅಪರಿಚಿತನಿಗೆ ಅದು ಗೊತ್ತಾದದ್ದು ಹೇಗೆ? ಇಷ್ಟು ದಿನ ಚಪ್ಪಲಿ, ಚೈನು, ಗ್ಲಾಸು ಎಂದು ಎಲ್ಲರ ಭೇಟಿಗಳನ್ನು ಹೊಂದಿಸಿದ ಸೋನಾಬಾಯಿಗೆ ಈ ಸಣ್ಣ ಪ್ರಶ್ನೆ ಒಮ್ಮೆಯೂ ಹೊಳೆದಿರಲಿಲ್ಲ. ಜಿನಮತಿಗೆ ಹೊಳೆಯಿತು. ಅವಳು ನಿಧಾನವಾಗಿ ಕತ್ತು ಹೊರಳಿಸಿ ಟಿಕೆಟ್ಟಿನ ಕಿಂಡಿ ನೋಡಿದಳು. ಅಲ್ಲಿ ಆತ್ಯಾ ಇರಲಿಲ್ಲ. ನಳದ ಕಡೆ ನೋಡಿದಳು. ಆಮೇಲೆ ಸಾಮಾನಿನ ಕೋಣೆಯ ಕಡೆ.

ಸೋನಾಬಾಯಿ ಹಿಂದೆ ಸರಿಯಲಿಲ್ಲ.

ಜಿನಮತಿ ಬಗ್ಗಿ ಕಾಲಬಳಿಯ ದ್ರಾಕ್ಷಿಯನ್ನು ಆರಿಸಿ ಸೆರಗಿಗೆ ಹಾಕಿಕೊಂಡಳು. ಬಾಪುಸಾಹೇಬ ತಾನೂ ಮಂಡಿಯೂರಿದ. "ಬ್ಯಾಡ್ರಿ. ನಿಮ್ಮ ಬಟ್ಟಿ ಹೊಲಸಾಕ್ಕಾವು," ಎಂದಳು ಅವನಿಗೆ. ಅದರಲ್ಲಿ ಸಿಟ್ಟಿರಲಿಲ್ಲ. ಅವನು ಟೋಪಿ ತೆಗೆದು ಕೈಯಲ್ಲಿ ಹಿಡಿದ. "ನನ್ನ ಹೆಸರು ಬಾಪುಸಾಹೇಬ್ರಿ. ಕಾಗವಾಡದಾಂವ," ಎಂದ. ಆ ಮಾತನ್ನು ಅವನಿಗೆ ಯಾರೂ ಕಲಿಸಿರಲಿಲ್ಲ. ಜಿನಮತಿ ತಲೆಯಾಡಿಸಿದಳು, ಕೇಳಿಸಿತು ಎನ್ನುವ ಹಾಗೆ. ನಂತರ ಎದ್ದಳು.

ಬಾಕು ಖಾಲಿಯಾಯಿತು. ಸೋನಾಬಾಯಿ ಹತ್ತು ವರ್ಷ ಬೇಡಿಕೊಂಡದ್ದು ಅದನ್ನೇ. ಸೆರಗನ್ನು ಎರಡೂ ಕೈಯಲ್ಲಿ ಹಿಡಿದು ಜಿನಮತಿ ಪ್ಲಾಟ್‌ಫಾರ್ಮಿನ ಉದ್ದಕ್ಕೂ ನಡೆದು ಬಂದು ಅವಳ ಮುಂದೆ ನಿಂತಳು. ಸೋನಾಬಾಯಿ ಬೈಗುಳಕ್ಕೆ ಸಿದ್ಧಳಾಗಿದ್ದಳು. ಅಳುವಿಗೆ ಸಿದ್ಧಳಾಗಿದ್ದಳು. ಒಂದು ಏಟು ಬಿದ್ದಿದ್ದರೂ ಹಗುರವಾಗುತ್ತಿದ್ದಳು.

"ಆತ್ಯಾ," ಎಂದಳು ಜಿನಮತಿ. ಚಿಕ್ಕಂದಿನಲ್ಲಿ ಸ್ತೋತ್ರ ಒಪ್ಪಿಸುವಾಗ ಮುಂದಿನ ಸಾಲು ಮರೆತರೆ ಕೇಳುತ್ತಿದ್ದ ಅದೇ ದನಿ. "ಈಗ ನಾ ಏನ್ ಅನಬೇಕ್ರಿ?"

ಸೋನಾಬಾಯಿಯ ಬಾಯಿ ತೆರೆಯಿತು. ಇಡೀ ಭಾಗದ ಹುಡುಗರಿಗೆ ಮಾತು ಹಂಚಿದವಳ ಬಾಯಲ್ಲಿ ಒಂದು ಮಾತೂ ಇರಲಿಲ್ಲ. ದೂರದಲ್ಲಿ ಗಾಡಿ ಕೂಗಿತು. ಮುದುಕರು ಕುರಿ ಎಬ್ಬಿಸಿದರು, ಕ್ಯಾನುಗಳು ಸದ್ದು ಮಾಡಿದವು. ಗಾಡಿ ಬಂದು ನಿಂತಿತು, ಮಂದಿ ಹತ್ತಿದರು, ಹೊರಟಿತು. ಧೂಳು ಇಳಿದಾಗ ಬಾಪುಸಾಹೇಬ ಇನ್ನೂ ಟೋಪಿ ಕೈಯಲ್ಲಿ ಹಿಡಿದುಕೊಂಡು ಬಾಕಿನ ಬಳಿ ನಿಂತಿದ್ದ. ಜಿನಮತಿ ಸೆರಗು ಹಿಡಿದುಕೊಂಡು, ಅಲುಗದೆ, ಸೋನಾಬಾಯಿಯ ತುಟಿಗಳನ್ನೇ ನೋಡುತ್ತ ಕಾಯುತ್ತಿದ್ದಳು.