ಸದ್ದಿಲ್ಲದೆ ಇಳಿಯುವ ಲಾರಿ

ಕಲ್ಲು ಕ್ವಾರಿಯ ಗುಡ್ಡದ ಬುಡದಲ್ಲಿ ಒಂದು ಬೀದಿ. ಆ ಬೀದಿಯಲ್ಲಿ ಲಾರಿ ಓಡಿಸುವವರಿಲ್ಲದ ಮನೆ ಕಡಿಮೆ. ಆದರೆ ಲಾರಿ ಓಡಿಸುವುದನ್ನು ಶಾಲೆಗೆ ಹೋಗಿ ಕಲಿತವರು ಒಬ್ಬರೂ ಇರಲಿಲ್ಲ. ಮೊದಲು ಕ್ಲೀನರ್ ಆಗಬೇಕು, ಗಾಜು ಒರೆಸಬೇಕು, ಹಿಂದೆ ನಿಂತು "ಬರ್ಲಿ, ಬರ್ಲಿ" ಎಂದು ಕೂಗಬೇಕು. ಎಂದೋ ಒಂದು ದಿನ ಡ್ರೈವರಿಗೆ ಕಣ್ಣು ಎಳೆದಾಗ ಸ್ಟೇರಿಂಗ್ ಕೈಗೆ ಸಿಗುತ್ತದೆ. ಅಲ್ಲಿಗೆ ಕಲಿತದ್ದಾಯಿತು. ಅಣ್ಣ ಕಲಿತದ್ದು ಹಾಗೆ. ತಮ್ಮ ಕಲಿತದ್ದು ಅಣ್ಣನಿಂದ.

ಆ ಅಣ್ಣ ಈಗಿಲ್ಲ. ಎರಡು ವರ್ಷದ ಹಿಂದೆ ಅವನ ಲಾರಿ ಕಲ್ಲು ತುಂಬಿಕೊಂಡು ಗುಡ್ಡ ಇಳಿಯುವಾಗ ಕೊನೆಯ ತಿರುವಿನಲ್ಲಿ ತಿರುಗಲೇ ಇಲ್ಲ. ನೇರವಾಗಿ ಹೋಗಿ ಬಂಡೆಗೆ ಗುದ್ದಿತು. "ಬ್ರೇಕ್ ಕೈಕೊಡ್ತಂತೆ" ಎಂದರು ಜನ. "ಪಾಪ, ಅವನಾದ್ರೂ ಏನ್ ಮಾಡ್ತಾನೆ?"

ಅವನ ತಾಯಿ ಆ ಮಾತನ್ನು ಹಿಡಿದುಕೊಂಡೇ ಬದುಕಿದ್ದರು. ಮನೆಗೆ ಬಂದವರಿಗೆಲ್ಲ ಅದನ್ನೇ ಹೇಳುತ್ತಿದ್ದರು. "ಬ್ರೇಕ್ ಕೈಕೊಡ್ತು. ನನ್ನ ಮಗಂದೇನೂ ತಪ್ಪಿಲ್ಲ." ಪಕ್ಕದಲ್ಲಿ ಕೂತ ಸೊಸೆ, ಸತ್ತವನ ಹೆಂಡತಿ, ತಲೆಯಾಡಿಸುತ್ತಿದ್ದಳು. ಅವಳಿಗೂ ಆ ಮಾತು ಬೇಕಿತ್ತು.

ಸೊಸೆಗೆ ಕೆಲಸ ಲಾರಿ ತೂಗುವ ಕಟ್ಟೆಯಲ್ಲಿ. ಲಾರಿಗಳು ಚೆಲ್ಲಿಹೋದ ಕಲ್ಲುಪುಡಿ ಗುಡಿಸಬೇಕು. ಸಂಜೆ ಮನೆಗೆ ಬಂದಾಗ ಅವಳ ರೆಪ್ಪೆಯೂ ಬೆಳ್ಳಗಿರುತ್ತಿತ್ತು. ಒಂದು ದಿನ ಪಕ್ಕದ ಮನೆಯ ಟೈಲರಕ್ಕ ಹೊಲಿಗೆ ಮೆಷಿನ್ ನಿಲ್ಲಿಸಿ ಕರೆದರು.

"ಪೇಟೆಲಿ ಕಸದ ಲಾರಿಗೆ ಡ್ರೈವರ್ ಬೇಕಂತೆ. ಹೆಂಗಸರನ್ನೂ ತಗೋತಾರಂತೆ ಕಣೆ. ಆದ್ರೆ ದೊಡ್ಡ ಗಾಡಿ ಲೈಸೆನ್ಸ್ ಇರ್ಬೇಕು, ಶಾಲೆಗೆ ಹೋಗಿ ಕಲ್ತಿರ್ಬೇಕು."

"ಲಾರಿನಾ? ನಾನಾ?"

"ಮತ್ತೆ ನಾನಾ? ನಂಗೆ ಈ ಮೆಷಿನ್ ಪೆಡಲ್ಲೇ ಸಾಕಪ್ಪ."

ಅವಳು ನಕ್ಕಳು. ಆದರೆ ಆ ಮಾತು ಮನಸ್ಸಿನಲ್ಲಿ ಕೂತುಬಿಟ್ಟಿತು.

ಮನೆಯಲ್ಲಿ ಹೇಳಿದಾಗ ಅತ್ತೆ ಸೋಸುತ್ತಿದ್ದ ಚಹಾ ಹಾಗೇ ನಿಲ್ಲಿಸಿದರು. "ಒಬ್ಬನ್ನ ಆ ಲಾರಿ ತಿಂದ್ಕೊಂಡಿದ್ದು ಸಾಲ್ದಾ?"

ಮೈದುನನಿಗೆ ಮಾತ್ರ ನಗು. "ಅತ್ತಿಗೆ, ಲಾರಿ ಕಲಿಯೋಕೂ ಶಾಲೆನಾ? ಯೂನಿಫಾರಂ ಹೊಲ್ಸಿದ್ರಾ? ಅಣ್ಣ ಯಾವ ಶಾಲೆಗೆ ಹೋಗಿದ್ದ ಹೇಳಿ. ಅವನಷ್ಟು ಚೆನ್ನಾಗಿ ಓಡಿಸೋನು ಈ ಗುಡ್ಡದಲ್ಲೇ ಇರ್ಲಿಲ್ಲ."

"ನಿನ್ನ ಲೈಸೆನ್ಸ್ ಕಾರಿಗೆ ಮಾತ್ರ ಅಲ್ವೇನೋ?"

"ಕ್ವಾರಿ ಯಜಮಾನ್ರು ಕೇಳೋದು ಎಷ್ಟು ಟ್ರಿಪ್ ಹೊಡೀತೀಯ ಅಂತ. ಲೈಸೆನ್ಸ್ ಯಾರು ಕೇಳ್ತಾರೆ?"

ಅತ್ತೆ ಬೇಡವೆನ್ನಲೂ ಇಲ್ಲ, ಹೋಗು ಎನ್ನಲೂ ಇಲ್ಲ. ಅವಳು ಹೋದಳು.

ಶಾಲೆ ಎಂದರೆ ಒಂದು ತಗಡಿನ ಶೆಡ್ಡು, ಒಂದು ಕರಿಹಲಗೆ, ಹಿಂದೆ ದೊಡ್ಡ ಬಯಲು. ಬಯಲಿನ ಅಂಚಿನಲ್ಲಿ ಒಂದು ಇಳಿಜಾರು. ಮೊದಲ ದಿನ ಒಳಗೆ ಕಾಲಿಟ್ಟಾಗ ಬೆಂಚಿನಿಂದ ಒಬ್ಬ, "ಅಕ್ಕಾ, ಟೀ ಅಲ್ಲೇ ಇಡಿ" ಎಂದ.

"ನಾನೂ ಕುಡಿಯೋಕೇ ಬಂದಿರೋದು. ತರೋರು ಯಾರು, ನೀವಾ?" ಎಂದು ಅವಳು ಅವನ ಪಕ್ಕದಲ್ಲೇ ಕೂತಳು. ಎಲ್ಲರೂ ಗೊಳ್ಳೆಂದರು. ಆಮೇಲೆ ಯಾರೂ ಕೆಣಕಲಿಲ್ಲ.

ಕಲಿಸುವ ಮೇಷ್ಟ್ರು ವಯಸ್ಸಾದವರು. ಲಾರಿಯ ಸುತ್ತ ಒಂದು ಸುತ್ತು ಹಾಕಿ ಟೈರು, ದೀಪ, ಗಾಳಿಯ ಒತ್ತಡ ನೋಡದೆ ಯಾರನ್ನೂ ಹತ್ತಗೊಡುತ್ತಿರಲಿಲ್ಲ. ಅವಳು ಕ್ಲಚ್ ಕಲಿತಳು. ಕನ್ನಡಿ ನೋಡಿ ಹಿಂದೆ ಬರುವುದನ್ನು ಕಲಿತಳು. ಡ್ರೈವರನ ಕಣ್ಣಿಗೆ ಬೀಳದ ಜಾಗ ಲಾರಿಯ ಸುತ್ತ ಎಷ್ಟಿದೆ ಎಂದು ತಿಳಿದಾಗ, ಇಷ್ಟು ದಿನ ಅದೇ ಜಾಗದಲ್ಲಿ ಬಗ್ಗಿ ಗುಡಿಸುತ್ತಿದ್ದೆನಲ್ಲ ಎಂದು ಮೈ ಜುಮ್ಮೆಂದಿತು.

ಇಳಿಜಾರಿನ ಪಾಠದ ದಿನ ಮೇಷ್ಟ್ರು ಕೇಳಿದರು. "ಏನ್ರಪ್ಪಾ, ಗುಡ್ಡ ಇಳಿಯುವಾಗ ನ್ಯೂಟ್ರಲ್ ಮಾಡೋ ಬುದ್ಧಿವಂತರು ಯಾರ್ಯಾರು? ನಾಚ್ಕೋಬೇಡಿ."

ಹಳಬರೆಲ್ಲ ನಗುತ್ತಾ ಕೈ ಎತ್ತಿದರು.

"ಯಾಕೆ?"

"ಡೀಸೆಲ್ ಉಳಿಯುತ್ತಲ್ಲ ಸಾರ್."

"ಉಳಿಯಲ್ಲ ಕಣಪ್ಪ. ಗೇರಲ್ಲೇ ಇಟ್ಟು ಕಾಲು ತೆಗೆದ್ರೆ ಎಂಜಿನ್ ಡೀಸೆಲ್ ಕೇಳೋದೇ ಇಲ್ಲ. ನ್ಯೂಟ್ರಲ್ ಮಾಡಿದ್ರೇನೇ ಕುಡೀತಾ ಇರುತ್ತೆ. ಹೋಗ್ಲಿ, ಡೀಸೆಲ್ ವಿಷಯ ಬಿಡು. ಗೇರಲ್ಲಿದ್ರೆ ಗಾಡೀನ ಎಂಜಿನ್ ಹಿಡ್ಕೊಂಡಿರುತ್ತೆ. ನ್ಯೂಟ್ರಲ್ ಮಾಡಿದೆ ಅಂದ್ರೆ ಹಿಡ್ಕೊಂಡಿರೋ ಕೈ ಬಿಡಿಸ್ದೆ ಅಂತ. ಅಷ್ಟೂ ಭಾರ ಬ್ರೇಕ್ ಮೇಲೆ ಬೀಳುತ್ತೆ. ಬ್ರೇಕ್ ಕಾಯುತ್ತೆ. ಕಾದು ಕಾದು, ಕೊನೇಲಿ ನೀನು ಎದ್ದು ನಿಂತು ತುಳಿದ್ರೂ ಹಿಡಿಯಲ್ಲ. ಗೇರಿಗೆ ಹಾಕೋಣ ಅಂದ್ರೆ ಆ ವೇಗದಲ್ಲಿ ಗೇರೂ ಬೀಳಲ್ಲ. ಆಮೇಲೆ ಜನ ಬ್ರೇಕ್ ಕೈಕೊಡ್ತು ಅಂತಾರೆ."

ಅವಳ ಕೈಯಲ್ಲಿದ್ದ ಪೆನ್ನು ನಿಂತಿತು.

ಮದುವೆಯಾದ ಹೊಸತರಲ್ಲಿ ಒಮ್ಮೆ ಗಂಡ ಅವಳನ್ನು ಲಾರಿಯಲ್ಲಿ ಕೂರಿಸಿಕೊಂಡು ಗುಡ್ಡದ ಮೇಲೆ ಹೋಗಿದ್ದ. ಇಳಿಯುವಾಗ ಗೇರಿನ ಕಡ್ಡಿಯನ್ನು ಮೆಲ್ಲಗೆ ನಡುವಿಗೆ ತಂದು, "ಈಗ ಕೇಳು" ಎಂದಿದ್ದ. ಅಷ್ಟು ಹೊತ್ತು ಅಬ್ಬರಿಸುತ್ತಿದ್ದ ಎಂಜಿನ್ ತಣ್ಣಗಾಯಿತು. ಕಿಟಕಿಯಲ್ಲಿ ಗಾಳಿ. ಕೆಳಗೆ ಚಕ್ರಗಳ ಸಣ್ಣ ಗುಂಯ್. ಇಡೀ ಲಾರಿ ತೇಲುತ್ತಿರುವಂತೆ. ಅವನು ಅವಳ ಕೈ ಹಿಡಿದುಕೊಂಡಿದ್ದ. "ಇದು ನಂಗೂ ಲಾರಿಗೂ ಮಾತ್ರ ಗೊತ್ತಿದ್ದ ಗುಟ್ಟು. ಈಗ ನಿಂಗೂ." ಅವನು ಹೋದ ಮೇಲೆ ಬೇರೆ ನೆನಪುಗಳೆಲ್ಲ ಮಾಸುತ್ತಾ ಬಂದವು. ಆ ಮೌನವೊಂದು ಮಾಸಿರಲಿಲ್ಲ. ನಿದ್ದೆ ಬಾರದಾಗ ಅವಳು ಅದರೊಳಗೆ ಹೋಗಿ ಮಲಗುತ್ತಿದ್ದಳು.

"ಹತ್ತೋಕೆ ಯಾವ ಗೇರೋ, ಇಳಿಯೋಕೂ ಅದೇ ಗೇರು. ಬರ್ಕೊಳಿ" ಎನ್ನುತ್ತಿದ್ದರು ಮೇಷ್ಟ್ರು. ಅವಳು ಬರೆದುಕೊಂಡಳು.

ಊಟದ ನಂತರ ಎಲ್ಲರನ್ನೂ ಇಳಿಜಾರಿಗೆ ಕರೆದುಕೊಂಡು ಹೋದರು. ಭಾರ ತುಂಬಿದ ಲಾರಿಯನ್ನು ಗೇರಿನಲ್ಲಿ ಇಳಿಸಿ ನಿಲ್ಲಿಸಿ, "ಚಕ್ರದ ಹತ್ರ ಕೈ ಹಿಡೀರಿ, ಮುಟ್ಟಬೇಡಿ" ಎಂದರು. ಬೆಚ್ಚಗಿತ್ತು, ಅಷ್ಟೇ. ಲಾರಿ ಮತ್ತೆ ಮೇಲಕ್ಕೆ ಹೋಯಿತು. ಈ ಸಲ ಬ್ರೇಕನ್ನೇ ತುಳಿದುಕೊಂಡು ನಿಧಾನವಾಗಿ ಇಳಿದು ಬಂದರು. "ಈಗ ಹಿಡೀರಿ."

ಅವಳು ಕೈ ಚಾಚಿದಳು. ಒಲೆಯ ಬಾಯಿಯಂತೆ ಬಿಸಿ ಹೊಡೆಯಿತು. ಆದರೆ ಅವಳು ಹಿಂದಕ್ಕೆ ಸರಿದದ್ದು ಬಿಸಿಗಲ್ಲ, ವಾಸನೆಗೆ. ಸುಟ್ಟ ರಬ್ಬರಿನದೂ ಅಲ್ಲದ, ತಳ ಹಿಡಿದ ಪಾತ್ರೆಯದೂ ಅಲ್ಲದ ಒಂದು ಕಮಟು.

ಆ ವಾಸನೆ ಅವಳಿಗೆ ಗೊತ್ತಿತ್ತು. ಮದುವೆಯಾದ ದಿನದಿಂದ ಗಂಡನ ಶರ್ಟುಗಳಿಂದ ಅವಳು ಅದನ್ನೇ ಒಗೆದು ತೆಗೆದಿದ್ದಳು. ಲಾರಿ ಓಡಿಸುವ ಗಂಡಸರ ಮೈವಾಸನೆಯೇ ಹಾಗೆ ಎಂದುಕೊಂಡಿದ್ದಳು.

"ಏನಾಯ್ತಮ್ಮ?" ಎಂದರು ಮೇಷ್ಟ್ರು.

"ಏನಿಲ್ಲ ಸಾರ್. ಹೊಗೆ, ಕಣ್ಣಿಗೆ ಹೋಯ್ತು."

ಮನೆಗೆ ಬಂದವಳೇ ಬಚ್ಚಲಿಗೆ ಹೋಗಿ, ಮೈದುನ ಬಿಚ್ಚಿಹಾಕಿದ್ದ ಶರ್ಟನ್ನು ಬಕೆಟ್ಟಿನಿಂದ ಎತ್ತಿ ಮೂಗಿಗೆ ಹಿಡಿದಳು. ಅದೇ. ಎಷ್ಟೋ ತಿಂಗಳಿಂದ ಅದೇ ಇತ್ತು. ಅವಳೇ ಒಗೆಯುತ್ತಿದ್ದಳು.

ಒಳಗೆ ಅವನು ಖುಷಿಯಾಗಿ ತಾಯಿಗೆ ಹೇಳುತ್ತಿದ್ದ. "ನಾಳೆಯಿಂದ ನಂಗೆ ದೊಡ್ಡ ಗಾಡಿ ಅಮ್ಮ, ಕೀನೂ ಕೊಟ್ಬಿಟ್ರು. ಈಗಿರೋದಕ್ಕಿಂತ ಎರಡರಷ್ಟು ಕಲ್ಲು ಹಿಡಿಯುತ್ತೆ."

ಶರ್ಟನ್ನು ಕೈಯಲ್ಲಿ ಹಿಡಿದು ಅವಳು ಬಚ್ಚಲ ಬಾಗಿಲಲ್ಲೇ ನಿಂತಳು. ಹೇಳಿದರೆ ಅತ್ತೆ ಹಿಡಿದುಕೊಂಡಿರುವ ಆ ಒಂದೇ ಮಾತನ್ನು ಕಿತ್ತುಕೊಂಡಂತೆ. ಮಗ ತಪ್ಪು ಮಾಡಿ ಸತ್ತ ಎಂದು ಯಾವ ತಾಯಿಗೆ ಹೇಳುವುದು? ಹೇಳದೆ ಇರಬಹುದು. ಹೇಳದೆ ಇದ್ದರೆ ನಾಳೆ ಇವನು ಆ ದೊಡ್ಡ ಗಾಡಿಯಲ್ಲಿ ಇಳಿಯುತ್ತಾನೆ.

ಒಳಗೆ ಹೋದಳು.

"ಇಳಿಜಾರಲ್ಲಿ ನ್ಯೂಟ್ರಲ್ ಮಾಡ್ತೀಯೇನೋ?"

"ಎಲ್ರೂ ಮಾಡ್ತಾರೆ ಅತ್ತಿಗೆ."

"ನಿನ್ನ ಶರ್ಟು ಸುಟ್ಟ ಬ್ರೇಕಿನ ವಾಸನೆ ಹೊಡೀತಿದೆ. ಇವತ್ತು ಶಾಲೆಲಿ ಮೂಗಾರೆ ನೋಡಿ ಬಂದೆ." ಮೇಷ್ಟ್ರು ಹೇಳಿದ್ದನ್ನೆಲ್ಲ ಹೇಳಿದಳು. ನಡುವೆ ನಿಂತರೆ ಮತ್ತೆ ಶುರು ಮಾಡಲಾರೆ ಎಂದು ಒಂದೇ ಉಸಿರಿಗೆ ಹೇಳಿದಳು.

ಅವನ ಮುಖ ಬಿಗಿಯಿತು. "ನ್ಯೂಟ್ರಲ್ ನಂಗೆ ಹೇಳಿಕೊಟ್ಟಿದ್ದೇ ಅಣ್ಣ. ಅಂದ್ರೆ? ಅಣ್ಣ ತನ್ನ ತಪ್ಪಿಂದಾನೇ ಹೋದ ಅಂತೀರಾ? ನಾಲ್ಕು ದಿನ ಬೆಂಚಿನ ಮೇಲೆ ಕೂತು ಬಂದು ಅವನ ಮೇಲೇ ಹೇಳ್ತೀರಾ?"

ಅವಳಿಗೆ ಅತ್ತೆಯ ಕಡೆ ನೋಡುವ ಧೈರ್ಯ ಆಗಲಿಲ್ಲ.

ಅತ್ತೆ ಎದ್ದರು. ಮಂಚದ ಕೆಳಗಿಂದ ತಮ್ಮ ಟ್ರಂಕು ಎಳೆದರು. ತಳದಲ್ಲಿ ಪ್ಲಾಸ್ಟಿಕ್ ಚೀಲವೊಂದನ್ನು ಬಿಗಿಯಾಗಿ ಗಂಟು ಕಟ್ಟಿ ಇಟ್ಟಿದ್ದರು. ಗಂಟು ಬಿಚ್ಚಲು ಬೆರಳು ಸಾಗದೆ ಹಲ್ಲಿನಿಂದ ಬಿಚ್ಚಿದರು. ಒಳಗೆ ಒಂದು ನೀಲಿ ಶರ್ಟು. ಅವನು ಹೋಗುವ ಹಿಂದಿನ ದಿನ ಬಿಚ್ಚಿಹಾಕಿದ್ದು, ಒಗೆಯದ್ದು. ಆ ಶರ್ಟು ಎಲ್ಲಿ ಹೋಯಿತೆಂದು ಸೊಸೆ ಆಗ ಮನೆಯೆಲ್ಲ ಹುಡುಕಿದ್ದಳು.

ಅತ್ತೆ ಅದನ್ನು ಮುಖಕ್ಕೆ ಒತ್ತಿಕೊಂಡರು. ಆಮೇಲೆ ಸೊಸೆಯ ಕೈಯಿಂದ ಈ ಶರ್ಟು ತೆಗೆದುಕೊಂಡು ಅದನ್ನೂ ಒತ್ತಿಕೊಂಡರು.

"ಎರಡೂ ಒಂದೇ," ಎಂದರು. "ಇಷ್ಟು ದಿನ ಇದನ್ನ ನನ್ನ ಮಗನ ವಾಸನೆ ಅಂದ್ಕೊಂಡು ಇಟ್ಕೊಂಡಿದ್ದೆ."

ಎರಡು ಶರ್ಟುಗಳನ್ನೂ ಕಿರಿಯ ಮಗನ ತೊಡೆಯ ಮೇಲೆ ಇಟ್ಟರು. ಅವನು ಅಣ್ಣನ ಶರ್ಟನ್ನು ಮುಟ್ಟಿದ, ಮೂಗಿಗೆ ಹಿಡಿದ.

"ಅಣ್ಣ ಹೇಳಿಕೊಟ್ಟಿದ್ದಲ್ವಾ ಅಮ್ಮ..."

"ಅವನಿಗೆ ಗೊತ್ತಿರ್ಲಿಲ್ಲ ಮಗಾ. ಹೇಳೋರೂ ಯಾರೂ ಇರ್ಲಿಲ್ಲ. ಗೊತ್ತಿಲ್ದೆ ಹೇಳಿಕೊಟ್ಟ. ನಿಂಗೀಗ ಗೊತ್ತಾಯ್ತಲ್ಲ." ಅತ್ತೆ ಅವನ ತಲೆ ಸವರಿದರು. "ಆ ಗಾಡಿ ಕೀ ನಾಳೆ ವಾಪಸ್ ಕೊಟ್ಬಿಡು. ಅತ್ತಿಗೆ ಜೊತೆ ಹೋಗು. ಯಜಮಾನ ಕೂಗಾಡಿದ್ರೆ ನನ್ನ ಹತ್ರ ಕಳಿಸು."

ಮರುದಿನ ಅವಳು ಏಳುವಷ್ಟರಲ್ಲಿ ಅತ್ತೆ ನೀಲಿ ಶರ್ಟನ್ನು ಒಗೆದು ಹಗ್ಗದ ಮೇಲೆ ಹರವಿದ್ದರು. ನೀರು ತೊಟ್ಟಿಕ್ಕುತ್ತಿತ್ತು. ಮೈದುನ ಅವಳ ಜೊತೆ ಶಾಲೆಗೆ ಹೊರಟ. ಕಲಿತು ದೊಡ್ಡ ಗಾಡಿಯ ಲೈಸೆನ್ಸ್ ಕೈಗೆ ಬರುವ ತನಕ ಅವನು ಕ್ವಾರಿಯಲ್ಲಿ ಕಲ್ಲು ಹೊತ್ತ. ಸ್ನೇಹಿತರು ಆಡಿಕೊಂಡರು. ಅವನು ತಲೆ ಬಗ್ಗಿಸಿ ಹೊತ್ತ.

ಈಗ ಅವಳು ಪೇಟೆಯ ಕಸದ ಲಾರಿ ಓಡಿಸುತ್ತಾಳೆ. ಕಸ ಸುರಿಯುವ ಜಾಗ ಗುಡ್ಡದ ಆಚೆ. ದಿನವೂ ಆ ಕೊನೆಯ ತಿರುವು ದಾಟಬೇಕು. ಹತ್ತಿದ ಗೇರಿನಲ್ಲೇ ಇಳಿಯುತ್ತಾಳೆ. ಎಂಜಿನ್ ಕಿವಿ ಕಿತ್ತುಹೋಗುವಂತೆ ಕೂಗುತ್ತದೆ. ಆ ಸದ್ದಿನಲ್ಲಿ, ಎಂದೋ ಅವಳ ಕೈ ಹಿಡಿದುಕೊಂಡಿದ್ದ ಮೌನ ಅವಳಿಗೆ ಕೇಳಿಸುವುದಿಲ್ಲ. ಆ ಗುಟ್ಟನ್ನು ಅವಳು ಯಾರಿಗೂ ಹೇಳಿಲ್ಲ. ಆದರೆ ಈಗ ನಿದ್ದೆ ಬಾರದಾಗ ಆ ಮೌನದೊಳಗೆ ಹೋಗುವುದನ್ನು ಬಿಟ್ಟಿದ್ದಾಳೆ.

ಲೈಸೆನ್ಸ್ ಸಿಕ್ಕ ಮೈದುನ ಮತ್ತೆ ಕ್ವಾರಿಯ ಲಾರಿ ಓಡಿಸುತ್ತಾನೆ. ಸಂಜೆ ಅತ್ತೆ ಮೆಟ್ಟಿಲ ಮೇಲೆ ಕೂತು ಗುಡ್ಡದ ಕಡೆ ಕಿವಿಯಿಟ್ಟಿರುತ್ತಾರೆ. ಲಾರಿಯೊಂದು ಕೂಗುತ್ತಾ ಇಳಿದರೆ, ಒಳಗಿರುವ ಸೊಸೆಗೆ "ಬರ್ತಿದಾನೆ, ಚಹಾ ಇಡು" ಎನ್ನುತ್ತಾರೆ. ಯಾವುದಾದರೂ ಲಾರಿ ಸದ್ದಿಲ್ಲದೆ ಇಳಿದರೆ ಎದ್ದು ನಿಲ್ಲುತ್ತಾರೆ. ಅದು ಯಾರ ಮಗನೋ ಅವರಿಗೆ ಗೊತ್ತಿಲ್ಲ. ಕೊನೆಯ ತಿರುವು ದಾಟುವವರೆಗೂ ನಿಂತೇ ಇರುತ್ತಾರೆ.

ಇದನ್ನು ಓದುತ್ತಿರುವ ಅಮ್ಮಂದಿರೇ, ಅಕ್ಕತಂಗಿಯರೇ, ನಿಮ್ಮ ಮನೆಯಲ್ಲೂ ಲಾರಿ ಓಡಿಸುವವರು ಇರಬಹುದು. ಪಕ್ಕದ ಸೀಟಿನಲ್ಲಿ ಕೂತು, ನೋಡಿ ನೋಡಿ ಕಲಿತವರಿರಬಹುದು. ಅವರು ಕೆಟ್ಟ ಡ್ರೈವರುಗಳಲ್ಲ. ಹೇಳಿಕೊಡುವವರು ಸಿಗದವರು, ಅಷ್ಟೇ. ಇವತ್ತು ಅವರ ಶರ್ಟನ್ನು ನೀರಿಗೆ ಹಾಕುವ ಮೊದಲು ಒಮ್ಮೆ ಮೂಗಿಗೆ ಹಿಡಿಯಿರಿ. ಸುಟ್ಟ ವಾಸನೆ ಬಂದರೆ ಸುಮ್ಮನೆ ಒಗೆದು ಹಾಕಬೇಡಿ. ಗುಡ್ಡ ಹೇಗೆ ಇಳಿಯುತ್ತೀಯ ಎಂದು ಕೇಳಿ. ಸಿಟ್ಟಾಗುತ್ತಾರೆ, ಆಗಲಿ. ದೊಡ್ಡ ಗಾಡಿಯ ಲೈಸೆನ್ಸ್ ಇಲ್ಲದಿದ್ದರೆ ಸ್ಟೇರಿಂಗ್ ಮುಟ್ಟಗೊಡಬೇಡಿ. ಲಾರಿ ಶಾಲೆಗೆ ಕಳಿಸಿ. ನಿಮಗೇ ಮನಸ್ಸಿದ್ದರೆ ನೀವೂ ಹೋಗಿ, ಅಲ್ಲಿ ಬೆಂಚಿನ ಮೇಲೆ ಹೆಂಗಸರಿಗೂ ಜಾಗವಿದೆ. ನೆನಪಿಗೆಂದು ಶರ್ಟೊಂದನ್ನು ಚೀಲದಲ್ಲಿ ಕಟ್ಟಿಡುವ ದಿನ ನಿಮ್ಮ ಮನೆಗೆ ಬಾರದಿರಲಿ.