ಕೂಡಿಸಿದ ಗೆರೆ

"ಇನ್ನೊಂದ್ಸಲ ತೋರಿಸು," ಎಂದಳು ಅಕ್ಕ.

ತಮ್ಮ ಪರದೆಯ ಮೇಲಿನ ಗೆರೆಯನ್ನು ಮತ್ತೆ ದೊಡ್ಡದು ಮಾಡಿದ. ಅಳೆದದ್ದು ಬರಿಯ ಕೋಬಾಲ್ಟ್ ಲೋಹವಾಗಿದ್ದರೆ ಅಲ್ಲಿ ನುಣುಪಾದ ಒಂದೇ ಶಿಖರ ಇರಬೇಕಿತ್ತು. ಇದ್ದದ್ದು ಹಲ್ಲುಹಲ್ಲಾಗಿ ಒಡೆದ ಶಿಖರ. ಲೋಹಕ್ಕೆ ಆಮ್ಲಜನಕ ಸೇರಿದೆ ಎನ್ನಲು ಬೇರೆ ಸಾಕ್ಷಿ ಬೇಕಿರಲಿಲ್ಲ.

ಕೂದಲಿಗಿಂತ ಎಷ್ಟೋ ಸಾವಿರ ಪಟ್ಟು ತೆಳುವಾದ ಲೋಹದ ಪದರಗಳನ್ನು ತಯಾರಿಸುವುದು ಅಕ್ಕನ ಕಸುಬು. ಅವುಗಳ ಮೇಲೆ ಕ್ಷ-ಕಿರಣ ಹಾಯಿಸಿ ಅಳೆಯುವುದು ತಮ್ಮನದು. ಪದರಕ್ಕೆ ಸಣ್ಣ ವೋಲ್ಟೇಜ್ ಕೊಟ್ಟರೆ ಅದರ ಕಾಂತತ್ವ ಅಡಗುತ್ತದೆ, ತಿರುಗಿಸಿ ಕೊಟ್ಟರೆ ಮರಳುತ್ತದೆ ಎಂದು ಅಕ್ಕ ವರ್ಷಗಳಿಂದ ತೋರಿಸುತ್ತ ಬಂದಿದ್ದಳು. ಎಲೆಕ್ಟ್ರಾನುಗಳು ಅತ್ತಿತ್ತ ಸರಿಯುವುದರಿಂದ ಹಾಗಾಗುತ್ತದೆ, ಲೋಹ ಮಾತ್ರ ಇದ್ದಂತೆಯೇ ಇರುತ್ತದೆ ಎಂಬುದು ಅವಳ ವಾದ. ಅವಳ ಹೆಸರು, ಪ್ರಯೋಗಾಲಯ ಎಲ್ಲ ಅದರ ಮೇಲೆಯೇ ನಿಂತಿತ್ತು. ನಾಳೆಯ ಸಮ್ಮೇಳನದಲ್ಲಿ ಹೇಳಬೇಕಾಗಿದ್ದದ್ದೂ ಅದನ್ನೇ.

ಎರಡು ಬಗೆಯ ಕಿರಣ ಹಾಯಿಸಿ, ಒಂದು ಗೆರೆಯಿಂದ ಇನ್ನೊಂದನ್ನು ಕಳೆದರೆ ಕಾಂತತ್ವ ಎಷ್ಟಿದೆಯೆಂದು ತಿಳಿಯುತ್ತದೆ. ಅಕ್ಕ ಕೇಳಿದ್ದು ಅಷ್ಟೇ. ಅದು ಅವಳು ಹೇಳಿದಂತೆಯೇ ಬಂದಿತ್ತು. ಲೋಹದ ಸ್ಥಿತಿ ಹೇಗಿದೆಯೆಂದು ತಿಳಿಯಲು ಆ ಎರಡೂ ಗೆರೆಗಳನ್ನು ಕೂಡಿಸಿ ನೋಡಿದವನು ತಮ್ಮ. ನೋಡಿದ ಮೇಲೆ ಮಧ್ಯಾಹ್ನದವರೆಗೂ ಬಾಯಿ ಬಿಟ್ಟಿರಲಿಲ್ಲ. ಚಿಕ್ಕಂದಿನಿಂದ ಅಕ್ಕನ ಎದುರು ಒಂದು ವಾದವನ್ನೂ ಗೆದ್ದವನಲ್ಲ. ಇದನ್ನು ಗೆಲ್ಲುವ ಆಸೆ ಅವನಿಗೆ ಚೂರೂ ಇರಲಿಲ್ಲ.

ಗಾಳಿ ಎಲ್ಲಾದರೂ ಸೋರಿರಬಹುದು ಎಂದಳು ಅಕ್ಕ. ಅದನ್ನೂ ಪರೀಕ್ಷಿಸಿ ಆಗಿದೆ ಎಂದ ತಮ್ಮ. ವೋಲ್ಟೇಜ್ ತಿರುಗಿಸಲು ಹೇಳಿ ಅವಳು ಕುರ್ಚಿ ಎಳೆದುಕೊಂಡು ಕೂತಳು. ಇಬ್ಬರೂ ಪರದೆ ನೋಡುತ್ತ ಕಾದರು. ನಡುವೆ ಅಮ್ಮನ ಫೋನ್ ಬಂತು. ಊಟ ಆಯಿತೇ ಎಂದು ಕೇಳಿದ್ದಕ್ಕೆ ಇಬ್ಬರೂ ಒಟ್ಟಿಗೇ ಆಯಿತು ಅಂದರು. ಇಬ್ಬರೂ ಒಂದೇ ಮಾತು ಹೇಳುತ್ತಿದ್ದಾರೆಂದರೆ ಊಟ ಆಗಿಲ್ಲ ಎಂದು ಅಮ್ಮ ಬೈದು ಫೋನ್ ಇಟ್ಟಳು.

ಹೊಸ ಗೆರೆ ಮೂಡತೊಡಗಿತು. ಹಲ್ಲುಗಳು ಕರಗಿ ಶಿಖರ ನುಣುಪಾಯಿತು. ವೋಲ್ಟೇಜ್ ತಿರುಗಿಸಿದ್ದಕ್ಕೆ ಆಮ್ಲಜನಕ ಲೋಹದಿಂದ ಹೊರಗೆ ಹೋಗಿತ್ತು, ಅದರ ಬೆನ್ನಿಗೇ ಕಾಂತತ್ವವೂ ಮರಳಿತ್ತು.

"ಅಂದ್ರೆ ಇಷ್ಟು ವರ್ಷ ನಾನು ತುಕ್ಕು ಹಿಡಿಸಿ, ತುಕ್ಕು ಬಿಡಿಸ್ತಾ ಇದ್ದೆ," ಎಂದಳು ಅಕ್ಕ.

ತಮ್ಮ ಹಳೆಯ ಗೆರೆಯನ್ನು ಹೊಸದರ ಪಕ್ಕಕ್ಕೆ ತಂದಿಟ್ಟ.

"ಯಾವಾಗ ನೋಡ್ದೆ ಇದನ್ನ?"

"ಬೆಳಿಗ್ಗೆ."

"ಆಗ್ಲೇ ಹೇಳೋದಲ್ವೇನೋ."

"ಹೇಗೆ ಹೇಳ್ಲಿ ಅಂತ ಗೊತ್ತಾಗ್ಲಿಲ್ಲ ಅಕ್ಕ."

ಅವಳು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡಳು. ಅಳುತ್ತಾಳೇನೋ ಎಂದು ತಮ್ಮನಿಗೆ ಗಾಬರಿಯಾಯಿತು. ಅವಳು ಅಳಲಿಲ್ಲ. ಒಡೆದ ಗೆರೆ, ನುಣುಪಾದ ಗೆರೆ ಎರಡನ್ನೂ ನಾಳೆ ತೋರಿಸಲು ತನಗೆ ಕಳಿಸು ಎಂದಳು. ಹಳೆಯ ಲೇಖನಗಳ ಬಗ್ಗೆ ಜನ ಕೇಳದೆ ಬಿಡುವುದಿಲ್ಲ ಎಂದು ಅವನು ಎಚ್ಚರಿಸಿದ.

"ಅವ್ರು ಕೇಳೋಕೆ ಮುಂಚೆ ನಾನೇ ಹೇಳ್ಬಿಡ್ತೀನಿ," ಎಂದಳು. "ಮೊದ್ಲು ಏನಾದ್ರೂ ತಿನ್ನೋಣ ನಡಿ. ಹೊಟ್ಟೆ ಚುರುಗುಟ್ತಾ ಇದೆ."

ಮರುದಿನ ತಮ್ಮ ಸಭಾಂಗಣದ ಹಿಂದಿನ ಸಾಲಿನಲ್ಲಿ ಕೂತಿದ್ದ. ನನ್ನ ವಿವರಣೆ ತಪ್ಪಾಗಿತ್ತು ಎಂದೇ ಅಕ್ಕ ಮಾತು ಶುರುಮಾಡಿದಳು. ಮುಂದಿನ ಸಾಲುಗಳಲ್ಲಿ ಗುಸುಗುಸು ಎದ್ದು ಅಡಗಿತು. ಒಡೆದ ಶಿಖರ ಗೋಡೆಯಗಲ ಪರದೆಯ ಮೇಲೆ ಬಂತು. ಅದನ್ನು ಬೆರಳಿಟ್ಟು ತೋರಿಸಹೋದಾಗ ತನ್ನ ನೆರಳು ಗೆರೆಯ ಮೇಲೆ ಬಿದ್ದದ್ದನ್ನು ಕಂಡು, ಅಕ್ಕ ಪಕ್ಕಕ್ಕೆ ಸರಿದು ನಿಂತಳು.