ಕ್ವಾರಿಗೆ ಕಳಿಸಿದ ಇಡ್ಲಿ

ಕ್ವಾರಿಯ ಮುಕಾದಮ ಚಹಾದ ಲೋಟ ಕೆಳಗಿಟ್ಟು, ಬೆಳಕು ಹರಿಯುವ ಮೊದಲೇ ದೊಡ್ಡ ಡಬರಿ ತುಂಬ ಇಡ್ಲಿ ಗುಡ್ಡದ ಬುಡಕ್ಕೆ ಮುಟ್ಟಬೇಕು ಅಂದ. ಹೊರಗಿನಿಂದ ಹುಡುಗರು ಬರುತ್ತಾರಂತೆ, ಕೆಳಗಿನ ಆದಿವಾಸಿಗಳ ಪಾಡಾವನ್ನು ನಾಳೆ ಖಾಲಿ ಮಾಡಿಸುತ್ತಾರಂತೆ. ಹೊಡೆಯುವವರು ಹಸಿದಿರಬಾರದು ನೋಡಿ ಎಂದು ಹಲ್ಲು ಕಿರಿದ. ಗಲ್ಲೆಯಲ್ಲಿದ್ದ ಹೋಟೆಲಿನ ಯಜಮಾನ ಸಂಕರ್ಷಣರಾಯರೂ ನಕ್ಕರು. ಪಕ್ಕದಲ್ಲಿದ್ದ ಹೆಂಡತಿ ಮುಕ್ತಾ ಮಾತ್ರ ಹಿಟ್ಟು ರುಬ್ಬುವ ಕಡೆಗೆ ತಿರುಗಿ ನೋಡಿದಳು.

ವಿಠ್ಠಲವಾಡಿ ಸ್ಟೇಷನ್ನಿನ ಹೊರಗಿನ ಆ ಹೋಟೆಲಿನಲ್ಲಿ ಹಿಟ್ಟು ರುಬ್ಬುವ ಚಾಂಗುಣಾ ಆ ಪಾಡಾದವಳೇ. ಗುಡ್ಡ ಅವಳ ಅಜ್ಜಂದಿರ ಕಾಲದಿಂದ ಅವರದು. ಈಗ ಕಲ್ಲಿಗೆ ಸಿಡಿಮದ್ದು ಇಡುವವರಿಗೆ ಅವರ ಗುಡಿಸಲುಗಳೇ ಅಡ್ಡ. ಗುಡಿಸಲಿನಲ್ಲಿ ಎದ್ದು ನಡೆಯಲಾರದ ಅತ್ತೆ, ಪುಟ್ಟ ಮಗಳು ಬೇಬಿ.

ಮುಕ್ತಾ ಹಿಂದಕ್ಕೆ ಹೋದಾಗ ಚಾಂಗುಣಾ ಉದ್ದು ತೊಳೆಯುತ್ತ ನಗುತ್ತಿದ್ದಳು. ಬೇಬಿಯ ಜಡೆಗೆಂದು ಮುಕ್ತಾ ಕೊಟ್ಟಿದ್ದ ಸೀರೆಯ ಹಸಿರು ಅಂಚನ್ನು ಆ ಹುಡುಗಿ ಕೋಳಿಯ ಕಾಲಿಗೆ ಕಟ್ಟಿದ್ದಾಳಂತೆ, ರಾತ್ರಿ ಅದನ್ನು ಮಗ್ಗುಲಲ್ಲೇ ಮಲಗಿಸಿಕೊಳ್ಳುತ್ತಾಳಂತೆ. ಮುಕ್ತಾ ಬಾಯಿ ತೆರೆಯುವಷ್ಟರಲ್ಲಿ ರಾಯರು ಬಾಗಿಲಿಗೆ ಬಂದು ಅವಳನ್ನು ಆಚೆಗೆ ಕರೆದರು.

"ನೀನೊಂದು ಸುಮ್ಮನಿರು ಮಾರಾಯ್ತಿ," ಅಂದರು ತಗ್ಗಿದ ದನಿಯಲ್ಲಿ. "ಈ ಜಾಗವೂ ಕ್ವಾರಿಯವರದ್ದೇ. ಹೇಳಿದ್ದು ಗೊತ್ತಾದ್ರೆ ನಾಡಿದ್ದು ನಮ್ಮನ್ನೂ ಎಬ್ಬಿಸ್ತಾರೆ."

ಮುಕ್ತಾ ಪಾಪದವಳು, ಇರುವೆಯನ್ನೂ ದಾಟಿ ನಡೆಯುವವಳು. ಚಾಂಗುಣಾ ಒಬ್ಬಳಾದರೂ ಏಟು ತಿನ್ನದಿರಲಿ ಅನ್ನಿಸಿತು. ಹಿಟ್ಟು ತುಂಬ ಇದೆ, ಇವತ್ತು ರಾತ್ರಿ ಇಲ್ಲೇ ಉಳಿದುಬಿಡು ಎಂದಳು. ಬೇಬಿ ಅಜ್ಜಿಯ ಹತ್ತಿರ ಇರುತ್ತಾಳಲ್ಲ ಎಂದು ಧೈರ್ಯ ಹೇಳಿದ್ದೂ ಇವಳೇ. ಎಂಥ ಪುಣ್ಯಾತ್ಗಿತ್ತಿ ನೋಡಿ! ಚಾಂಗುಣಾ ಸಂತೋಷದಿಂದಲೇ ಒಪ್ಪಿಕೊಂಡು, ತನ್ನ ಗುಡಿಸಲು ಮುರಿಯುವವರಿಗಾಗಿ ಮನಸ್ಸಿಟ್ಟು ರುಬ್ಬಿದಳು.

ಮರುದಿನ ಬಿಸಿಲೇರಿದ ಮೇಲೆ, ಇಡ್ಲಿ ಒಯ್ದಿದ್ದ ಟೆಂಪೊ ವಾಪಸು ಬಂತು. ಡ್ರೈವರ್ ಡಬರಿಯನ್ನು ನಲ್ಲಿಯ ಬಳಿ ಇಳಿಸಿ, ಇಡ್ಲಿ ಹತ್ತಿಯ ಹಾಗಿತ್ತಂತೆ, ಚಟ್ನಿ ಮಾತ್ರ ಸಾಲಲಿಲ್ಲವಂತೆ ಅಂದ. ಒಳಗಿರುವುದು ಹುಡುಗರ ಮಾಲು, ಸಂಜೆ ಒಯ್ಯುತ್ತಾರೆ ಎಂದೂ ಹೇಳಿದ. ಪಾಡಾದ ಸುದ್ದಿ ಅವನೂ ಎತ್ತಲಿಲ್ಲ, ಯಾರೂ ಕೇಳಲಿಲ್ಲ.

ಮುಕ್ತಾ ಮುಚ್ಚಳ ತೆಗೆದಳು. ಕತ್ತು ಮುರಿದ ಕೋಳಿಗಳು. ಮೇಲಿನದರ ಕಾಲಿನಲ್ಲಿ ತನ್ನ ಸೀರೆಯ ಹಸಿರು ಅಂಚು, ಎರಡು ಗಂಟು ಹಾಕಿ ಕಟ್ಟಿದ್ದು.

ರಾಯರು ಬಂದು ಇಣುಕಿ ಮೂಗು ಮುಚ್ಚಿಕೊಂಡರು. ಶುದ್ಧ ಸಸ್ಯಾಹಾರಿ ಎಂದು ಬೋರ್ಡು ಹಾಕಿದ ಹೋಟೆಲಿನ ಪಾತ್ರೆಗೆ ಈ ಗತಿಯೇ ಎಂದು ಅವರಿಗೆ ನಿಜವಾಗಿಯೂ ಸಂಕಟವಾಯಿತು.

"ಛೀ, ಇನ್ನಿದು ಒಲೆಗೆ ಏರ್ಲಿಕ್ಕುಂಟಾ? ಆ ಕೋಳಿ ಅವರಿಗೆ ಕಳಿಸಿ, ಡಬರಿ ಚಾಂಗುಣಾಗೆ ಕೊಟ್ಟುಬಿಡು. ಅವಳ ಮನೆಗಾದೀತು."

ತನ್ನ ಹೆಸರು ಕೇಳಿ ಚಾಂಗುಣಾ ಒಳಗಿನಿಂದ ಬಂದಳು. ಡಬರಿ ಅವಳಿಗಂತೆ ಎಂದು ಡ್ರೈವರ್ ಹೇಳಿದ್ದೇ ತಡ, ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡಳು. ಮುಕ್ತಾ ಆಗಲೇ ಮುಚ್ಚಳ ಹಾಕಿ ಎರಡೂ ಕೈಯಲ್ಲಿ ಅದುಮಿ ಹಿಡಿದಿದ್ದಳು.

"ಕೊಡಿ ವೈನಿ," ಎಂದಳು ಚಾಂಗುಣಾ ತನ್ನ ಮರಾಠಿಯಲ್ಲಿ. "ಬೇಬಿಯ ಸ್ನಾನಕ್ಕೆ ನೀರು ಕಾಯಿಸಲು ಆಗುತ್ತದೆ."

ಅವಳು ಬಗ್ಗಿ ಡಬರಿಯ ಹಿಡಿಗೆ ಕೈ ಹಾಕಿದಳು. ಮುಕ್ತಾ ಮುಚ್ಚಳದಿಂದ ಕೈ ತೆಗೆಯಲಿಲ್ಲ.